ಹತ್ತು ಬತ್ತಿ

ಚಿನ್ನದ ಗಣಿಯ ಕಲ್ಲು ಆರಿಸುವ ಶೆಡ್ಡಿನ ಮೇಸ್ತ್ರಿ ಜಯರಾಮಪ್ಪ, ಬಂಡೆ ಸಿಡಿಸುವ ಹತ್ತು ತುಂಡು ಬತ್ತಿಗಳನ್ನು ಮದ್ದು ತೆಗೆದು, ಅದಿರಿನಲ್ಲಿ ಬೆರೆಸಿ ಬೆಲ್ಟಿನ ಮೇಲೆ ಬಿಡಿಸಿದ. ಹತ್ತನ್ನೂ ಆರಿಸಿದರೆ ಮುನಿಶಾಮಮ್ಮನ ಕೆಲಸ ಉಳಿಯುತ್ತದೆ. ಒಂದು ತಪ್ಪಿದರೂ ಕೆಲಸದ ಜೊತೆಗೆ ಉರಿಗಾಂ ಲೈನಿನಲ್ಲಿ ಗಣಿ ಕಂಪನಿ ಕೊಟ್ಟ ತಟ್ಟಿಮನೆಯನ್ನೂ ಬಿಡಬೇಕು.

ಹಿಂದಿನ ಶುಕ್ರವಾರ, ಗಣಿಯೊಳಗೆ ಸಿಡಿಯದೆ ಉಳಿದಿದ್ದ ಬತ್ತಿಯೊಂದು ಅದಿರಿನೊಂದಿಗೆ ಮೇಲೆ ಬಂದು, ಕಲ್ಲು ಪುಡಿಮಾಡುವ ಕ್ರಷರಿನ ಬಾಯಲ್ಲಿ ಸಿಡಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಬೆಲ್ಟಿನ ಎರಡೂ ಬದಿಗೆ ನಿಂತ ಹದಿನಾಲ್ಕು ಹೆಂಗಸರು ಚಿನ್ನವಿಲ್ಲದ ಕರಿಕಲ್ಲು, ಮರದ ಚೂರು, ಕಬ್ಬಿಣ, ಬತ್ತಿ ಎಲ್ಲವನ್ನೂ ಆರಿಸಿ ತೆಗೆಯಬೇಕು. ಕ್ರಷರಿಗೆ ಹತ್ತಿರದ ಕೊನೆಯ ಜಾಗ ಇಪ್ಪತ್ತೆರಡು ವರ್ಷದಿಂದ ಮುನಿಶಾಮಮ್ಮನದು. ಈಗ ಅವಳಿಗೆ ಅರವತ್ತು; ಆ ಬತ್ತಿ ಅವಳ ಕಣ್ಣು ತಪ್ಪಿತೆಂದೇ ಈ ಪರೀಕ್ಷೆ. ಡಾಕ್ಟರು ದೂರ ನಿಂತು ತೋರಿಸಿದ ಬೆರಳುಗಳನ್ನು ಅವಳು ಒಂದೂ ತಪ್ಪದೆ ಎಣಿಸಿದ್ದಳು. ಕಣ್ಣಿನಲ್ಲಿ ದೋಷವಿಲ್ಲ ಎಂದು ಅವರು ಚೀಟಿ ಕೊಟ್ಟಿದ್ದರು.

ಪರೀಕ್ಷೆ ಮುಗಿಯುವವರೆಗೆ ಉಳಿದವರು ಯಾವುದನ್ನೂ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು. ಐವತ್ತೇಳರ ಜಯರಾಮಪ್ಪ ಮುನಿಶಾಮಮ್ಮನ ಮಗ್ಗುಲಲ್ಲೇ ನಿಂತು ಬೆಲ್ಟನ್ನು ನೋಡುತ್ತ ಎಣಿಸಿದ. ಅವಳ ಕೈ ಒಮ್ಮೆಯೂ ತಡವರಿಸಲಿಲ್ಲ.

"ಅತ್ತೂ ಬಂತು ಮೇಸ್ತ್ರಿ. ಇನ್ನೊಂದು ಅತ್ತು ಇದ್ರೆ ಬಿಡಿ," ಎಂದು ಮುನಿಶಾಮಮ್ಮ ಮಡಿಲನ್ನು ತೋರಿಸಿದಳು. ಮೇಸ್ತ್ರಿ ನಕ್ಕ.

ಎದುರು ಬದಿಯಲ್ಲಿದ್ದ ಮುನಿಗಂಗಮ್ಮ ಬೆಲ್ಟು ನಿಲ್ಲಿಸುವಂತೆ ಕೂಗಿದಳು. ಅವಳಿಗೆ ಇಪ್ಪತ್ತರ ಆಸುಪಾಸು. ಬೆಲ್ಟು ನಿಂತಾಗ ಕ್ರಷರಿನ ಬಾಯಿಗೆ ಎರಡು ಮೊಳ ದೂರದಲ್ಲಿ ಹಿಡಿ ಮುರಿದ ಸುತ್ತಿಗೆಯೊಂದು ಬಿದ್ದಿತ್ತು. ಅದನ್ನು ಯಾರೂ ಬೇಕೆಂದು ಹಾಕಿರಲಿಲ್ಲ, ಗಣಿಯಿಂದಲೇ ಬಂದದ್ದು. ನಾಲ್ಕು ಪೌಂಡಿನ ಕಬ್ಬಿಣ.

"ಇದ್ಯಾವಾಗ ಬಂತೇ?" ಮುನಿಶಾಮಮ್ಮ ಕೇಳಿದಳು.

"ಕೊನೇ ಬತ್ತಿ ಪಕ್ಕದಾಗೇ ಬಂತಕ್ಕಾ. ನೀನು ತಕ್ಕೊಂತೀಯ ಅಂತ ಸುಮ್ಕಿದ್ದೆ. ನೀನು ಬತ್ತಿ ತಕ್ಕೊಂಡು ಇದ್ನ ಬಿಟ್ಟೆ."

ಮುನಿಶಾಮಮ್ಮ ಸುತ್ತಿಗೆಯನ್ನು ಮುಟ್ಟಿ ನೋಡಿದಳು. ತಾನು ಬತ್ತಿ ಮಾತ್ರ ಹುಡುಕುತ್ತಿದ್ದೆ ಎಂದಳು. ನಾಳೆಯಿಂದ ಕೊನೆಯ ಜಾಗಕ್ಕೆ ಮುನಿಗಂಗಮ್ಮ ಬರಲಿ, ತಟ್ಟಿಮನೆಯನ್ನು ತಿಂಗಳ ಕೊನೆಗೆ ಬಿಟ್ಟರಾಯಿತು ಎಂದು ಜಯರಾಮಪ್ಪ ತಗ್ಗಿದ ದನಿಯಲ್ಲಿ ಹೇಳಿದ.

ಮುನಿಶಾಮಮ್ಮ ಮಡಿಲಿನ ಬತ್ತಿಗಳನ್ನು ಅವನ ಅಂಗೈಗೆ ಸುರಿದಳು.

"ಆಗ್ಲಿ ಮೇಸ್ತ್ರಿ. ನನ್ ಜಾಗಕ್ಕೆ ಇವಳು. ಸುತ್ತಿಗೆ ನಿಮ್ ಮುಂದ್ಗಡೇನೂ ಓಯ್ತಲ್ಲ, ನಿಮ್ ಜಾಗಕ್ಕೆ ಯಾರು?"