ಎರಡು ಸಹಿ

"ತಪ್ಪು ನನ್ನದು ಸರ್. ಬರೆದುಕೊಳ್ಳಿ."

ಹೇಳಿದ್ದು ಕಾರ್ಖಾನೆಯ ಇಂಜಿನಿಯರಮ್ಮ. ತನಿಖಾಧಿಕಾರಿ ಪೆನ್ನು ಎತ್ತುವಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ವಿದ್ಯುತ್ ಗುತ್ತಿಗೆದಾರ ಕೈ ಅಡ್ಡ ಹಿಡಿದ.

"ಬರೀಬೇಡಿ ಸರ್. ತಪ್ಪು ನನ್ನದು."

ಅಧಿಕಾರಿ ಪೆನ್ನು ಕೆಳಗಿಟ್ಟರು. ಇಪ್ಪತ್ತೆಂಟು ವರ್ಷದ ಸರ್ವೀಸು. ಕರೆಂಟ್ ಹೊಡೆದು ಯಾರಾದರೂ ಸತ್ತರೆ ಕಾರ್ಖಾನೆಯವರು ಗುತ್ತಿಗೆದಾರನ ತಲೆಗೆ, ಗುತ್ತಿಗೆದಾರ ಕಾರ್ಖಾನೆಯವರ ತಲೆಗೆ ಗೂಬೆ ಕೂರಿಸುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಆ ಗೂಬೆ ನನಗೇ ಬೇಕು ಎಂದು ಇಬ್ಬರೂ ಹಟ ಹಿಡಿದದ್ದನ್ನು ಕಂಡದ್ದು ಇದೇ ಮೊದಲು. ತಪ್ಪಿತಸ್ಥರ ಲೈಸೆನ್ಸ್ ಹೋಗುತ್ತದೆ, ಜೈಲೂ ಆಗಬಹುದು. ಏನೋ ಮಸಲತ್ತಿದೆ ಎಂದುಕೊಂಡರು.

"ನನ್ನ ಕಿವಿ ಮೇಲೆ ಹೂವಿಡಬೇಡಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಬೇರೆ ಕಥೆ ನಂಗೆ ಬೇಡ."

ಮೇಜಿನ ಮೇಲೆ ಕೆಲಸದ ಪರವಾನಗಿ ಚೀಟಿ. ಪ್ಯಾನೆಲ್ ಬೋರ್ಡಿಗೆ ಬರುವ ಕರೆಂಟ್ ಪೂರ್ತಿ ಆಫ್ ಆಗಿದೆ ಎಂದು ಕಾರ್ಖಾನೆಯ ಪರವಾಗಿ ಇಂಜಿನಿಯರಮ್ಮನ ಸಹಿ. ಟೆಸ್ಟ್ ಮಾಡಿ ನೋಡಿದ್ದೇನೆ, ಕರೆಂಟಿಲ್ಲ ಎಂದು ಗುತ್ತಿಗೆದಾರನ ಸಹಿ. ಎರಡೂ ಸುಳ್ಳು. ಪಕ್ಕದ ಶೆಡ್ಡಿನಿಂದ ಹೋದ ತಿಂಗಳು ಎಳೆದ ಇನ್ನೊಂದು ಲೈನಿನಲ್ಲಿ ಕರೆಂಟ್ ಹರಿಯುತ್ತಲೇ ಇತ್ತು. ಪ್ಯಾನೆಲ್ಲಿಗೆ ಕೈಹಾಕಿದ ಇಪ್ಪತ್ತಮೂರು ವರ್ಷದ ಎಲೆಕ್ಟ್ರಿಷಿಯನ್ ಹುಡುಗಿ ಅಲ್ಲೇ ಸತ್ತಳು.

"ಹೊಸ ಲೈನು ಯಾಕೆ ಆಫ್ ಮಾಡ್ಲಿಲ್ಲ ಮೇಡಂ?"

"ಮರೆತೆ. ಇನ್ನೊಂದ್ಸಲ ಹೋಗಿ ನೋಡ್ಬೇಕು ಅನ್ನಿಸ್ತು. ಹೇಗೂ ಇವರು ಟೆಸ್ಟ್ ಮಾಡ್ತಾರಲ್ಲ ಅಂತ ಸುಮ್ಮನಾದೆ."

"ನೀವ್ಯಾಕ್ರೀ ಟೆಸ್ಟ್ ಮಾಡ್ಲಿಲ್ಲ?"

"ಅವಳು ಆಫ್ ಮಾಡಿದೀನಿ ಅಂದ್ಮೇಲೆ ಆಫ್ ಆಗಿರುತ್ತೆ ಸರ್. ಇಷ್ಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿದವಳಲ್ಲ."

"ಅವಳು ಇವಳು ಅನ್ಬೇಡಿ. ಮರ್ಯಾದೆ ಕೊಟ್ಟು ಮಾತಾಡಿ."

ಗುತ್ತಿಗೆದಾರ ತಲೆ ತಗ್ಗಿಸಿದ. ಇಂಜಿನಿಯರಮ್ಮ ತಮ್ಮ ಮುಂದಿದ್ದ ನೀರಿನ ಲೋಟವನ್ನು ಅವನ ಕಡೆ ಸರಿಸಿದರು.

"ಗದರಬೇಡಿ ಸರ್. ಎರಡು ದಿನದಿಂದ ಇವರು ಏನೂ ತಿಂದಿಲ್ಲ."

"ಓಹೋ! ಅದೂ ನಿಮಗೆ ಗೊತ್ತು!"

ಇಬ್ಬರೂ ಒಳಗೊಳಗೇ ಒಂದಾಗಿದ್ದಾರೆ, ಮಾಲೀಕನನ್ನು ಉಳಿಸಲು ನಾಟಕ ಹೂಡಿದ್ದಾರೆ. ಅಧಿಕಾರಿಗೆ ಅದರಲ್ಲಿ ಅನುಮಾನವೇ ಉಳಿಯಲಿಲ್ಲ. ಬಗೆಹರಿಯದೆ ಉಳಿದದ್ದು ಒಂದೇ ವಿಷಯ. ಸತ್ತ ಹುಡುಗಿಗೆ ಜೊತೆಯವರು ಇಟ್ಟಿದ್ದ ಅಡ್ಡಹೆಸರು 'ಟೆಸ್ಟರ್'. ಕಾಲಿಂಗ್ ಬೆಲ್ ಬಿಚ್ಚುವುದಿದ್ದರೂ ಮೊದಲು ಟೆಸ್ಟರ್ ಇಟ್ಟು ನೋಡುವವಳು, ಯಾರ ಮಾತನ್ನೂ ನಂಬದವಳು. ಅವತ್ತು ಮಾತ್ರ ಟೆಸ್ಟರ್ ಅವಳ ಜೇಬಿನಿಂದ ಹೊರಗೇ ಬಂದಿರಲಿಲ್ಲ.

ಅವತ್ತು ಅವಳ ಜೊತೆ ಕೆಲಸಕ್ಕಿದ್ದ ಹುಡುಗನ ಹೇಳಿಕೆಯನ್ನು ಅಧಿಕಾರಿ ಗಟ್ಟಿಯಾಗಿ ಓದಿದರು. "ಚೀಟಿ ನೋಡಿ ನಕ್ಕಳು ಸರ್. 'ಇವರಿಬ್ರೂ ಸಹಿ ಹಾಕಿದ್ಮೇಲೆ ನಂಗೇನಾಗುತ್ತೆ ಬಿಡೋ' ಅಂದ್ಳು. ಕೈ ಹಾಕೇಬಿಟ್ಳು."

ಇಂಜಿನಿಯರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಗುತ್ತಿಗೆದಾರ ಬಿಕ್ಕಿ ಬಿಕ್ಕಿ ಅಳತೊಡಗಿದ.

ಅಧಿಕಾರಿಗೆ ರೇಗಿತು. ಅವರಿಗೂ ಮಕ್ಕಳಿದ್ದರು.

"ಈಗ ಅತ್ತು ಏನು ಬಂತು? ಅವರು ನೋಡ್ತಾರೆ ಅಂತ ಇವರು, ಇವರು ನೋಡ್ತಾರೆ ಅಂತ ಅವರು! ನಿಮ್ಮಿಬ್ಬರನ್ನ ನಂಬಿ ಒಂದು ಜೀವ ಹೋಯ್ತಲ್ರೀ. ಹೆತ್ತವರ ಹೊಟ್ಟೆ ಸಂಕಟ ಏನು ಅಂತ ಗೊತ್ತಾ ನಿಮಗೆ?"

ಕೇಳಿದ್ದಕ್ಕಷ್ಟೇ ಉತ್ತರ ಎಂದಿದ್ದ ಅಧಿಕಾರಿ ಇದರ ಉತ್ತರಕ್ಕೆ ಕಾಯಲಿಲ್ಲ. ಇಬ್ಬರ ಹೆಸರನ್ನೂ ಬರೆದು, ಇಬ್ಬರೂ ಸಮಾನ ಹೊಣೆಗಾರರು ಎಂದು ಸೇರಿಸಿ, ಅಡಿಗೆರೆ ಎಳೆದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಕಾರ್ಖಾನೆಯ ಗುಮಾಸ್ತನತ್ತ ತಿರುಗಿದರು.

"ಇವರದ್ದು ಮುಗೀತು. ಹುಡುಗಿಯ ಅಪ್ಪ ಅಮ್ಮ ಬಂದಿದ್ದಾರೆ ಅಂದ್ರಲ್ಲ, ಅವರನ್ನ ಒಳಗೆ ಕಳಿಸಿ."

ಗುಮಾಸ್ತ ನಿಂತಲ್ಲಿಂದ ಅಲುಗಲಿಲ್ಲ.

"ಒಳಗೇ ಇದ್ದಾರೆ ಸರ್. ನಿಮ್ಮೆದುರಿಗೆ ಕೂತಿರೋರೇ."