ಖಾತೆದಾರರ ಹೆಸರು

ಮೊಬೈಲಿನ ಜಾಹೀರಾತಿನಲ್ಲಿ ಹಳೆಯ ಹೊಲಿಗೆ ಯಂತ್ರವೊಂದು ಕಂಡಾಗಿನಿಂದ ದಾಕ್ಷಾಯಣಿ ಬಡಿಗೇರಗೆ ಅದರದೇ ಧ್ಯಾನ. ಆದರೆ ಮಾರುವವನು ಮೊದಲು ಮುಂಗಡ ಹಾಕಿ ಎನ್ನುತ್ತಿದ್ದ. ಕಂಡವರನ್ನು ನಂಬುವುದನ್ನು ಅವಳು ಬಿಟ್ಟು ವರ್ಷವಾಗಿತ್ತು. ಸರ್ಕಾರದ ಸಹಾಯಧನಕ್ಕೆ ಬ್ಯಾಂಕ್ ಖಾತೆ ತೆಗೆಸಿಕೊಡುತ್ತೇನೆಂದು ಓಣಿಗೆ ಬಂದವನೊಬ್ಬ ಅವಳ ಆಧಾರ್ ಕಾರ್ಡಿನ ಫೋಟೊ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವನು ಮತ್ತೆ ಮುಖ ತೋರಿಸಿರಲಿಲ್ಲ.

ಅದಕ್ಕೇ ಅವಳು ಪಕ್ಕದ ಮನೆಯ ನೀಲವ್ವನನ್ನು ಕರೆದಳು. ಮೊನ್ನೆಯಷ್ಟೇ ಮಿಕ್ಸರಿಗೆಂದು ಮುಂಗಡ ಕೊಟ್ಟು ಕೈಸುಟ್ಟುಕೊಂಡಿದ್ದ ನೀಲವ್ವ, ಹಣ ಹಾಕಲು ಮಾರುವವನು ಕೊಟ್ಟಿದ್ದ ನಂಬರ್ ನೋಡಿದವಳೇ ಹೌಹಾರಿದಳು.

“ಈ ನಂಬರಿನವನ ನನ್ನ ರೊಕ್ಕಾನೂ ನುಂಗ್ಯಾನ! ನೀ ರೊಕ್ಕ ಹಾಕಬ್ಯಾಡ. ರೊಕ್ಕ ಕಳಸೂ ಆ್ಯಪಿನಾಗ ಬರೇ ನಂಬರ್ ಹೊಡಿ, ಖಾತೆ ಯಾರದು ಅಂತ ಹೆಸರು ಬರ್ತೈತಿ. ಅವಸರದಾಗ ನಾ ಅದನ್ನ ನೋಡಲಿಲ್ಲ.”

“ಹೆಸರು ಸಿಕ್ಕರ ಏನ್ ಮಾಡ್ತಿ, ನೀಲಕ್ಕ?”

“ಈಗಿಂದೀಗ ಸ್ಟೇಷನ್ನಿಗೆ ಹೋಗೂದು. ಆ ಖಾತೆ ಯಾರದರ ಇರ್ಲಿ, ಒಳಗ ಹಾಕಿಸದ ಬಿಡಂಗಿಲ್ಲ!”

ದಾಕ್ಷಾಯಣಿ ನಂಬರ್ ಒತ್ತಿದಳು. ನೀಲವ್ವ ಫೋನ್ ಕಸಿದುಕೊಂಡು, ಕನ್ನಡಕ ಏರಿಸಿ, ಪರದೆಯ ಮೇಲೆ ಮೂಡಿದ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

“ದಾಕ್ಷಾಯಣಿ… ಬಡಿಗೇರ.”