ಬಾವುಟ ಕದ್ದವರು

ರಾತ್ರಿ ಬಾಗಿಲು ಬಡಿದ ಸದ್ದಿಗೆ ದರ್ಜಿಯಕ್ಕನ ಮುಂಗೋಣೆಯಲ್ಲಿ ನಡೆಯುತ್ತಿದ್ದ ಅಭಿಮಾನಿಗಳ ಜಗಳ ಗಕ್ಕನೆ ನಿಂತಿತು. ಅವಳು ಬಾಗಿಲು ತೆರೆದರೆ ಹೊರಗೆ ಯಾರೂ ಇಲ್ಲ. ಹೊಸ್ತಿಲ ಮೇಲೆ ಅಚ್ಚುಕಟ್ಟಾಗಿ ಮಡಿಸಿಟ್ಟ ಬಟ್ಟೆಯ ಕಟ್ಟೊಂದಿತ್ತು. ನಿನ್ನೆ ಅವಳ ಹೊಲಿಗೆ ಯಂತ್ರದ ಪಕ್ಕದಿಂದಲೇ ಕಳುವಾಗಿದ್ದ ಫುಟ್‌ಬಾಲ್ ತಂಡದ ದೊಡ್ಡ ಬಾವುಟ!

ಮುಚ್ಚಿಹೋದ ಕಾರ್ಖಾನೆಯ ಹೆಸರನ್ನೇ ತಂಡ ಇಷ್ಟು ಕಾಲ ಹೊತ್ತಿತ್ತು. ಹೊಸ ಹೆಸರನ್ನು ಅಭಿಮಾನಿಗಳೇ ಆರಿಸಿ, ನಾಳಿನ ಪಂದ್ಯಕ್ಕೆ ಬಾವುಟದ ಮೇಲೆ ಹೊಲಿಸಬೇಕಿತ್ತು. "ಸಿಡಿಲು ಅಂತಿಡೋಣ" ಎಂದು ಬಸ್ ಡ್ರೈವರ್ ಪಟ್ಟು ಹಿಡಿದಿದ್ದ. "ನಮ್ಮೋರು ಓಡೋದು ನೋಡಿದ್ರೆ ಆಮೆ ಅಂತಿಡಬೇಕು ಕಣಯ್ಯ" ಎಂದು ಕ್ಷೌರದಂಗಡಿಯವನು ಕಿಚಾಯಿಸಿದ್ದ. ಅಕ್ಕನ ಚಿಂತೆಯೇ ಬೇರೆ. ಆ ಕಾರ್ಖಾನೆಯಲ್ಲಿ ದುಡಿದು ತಲೆ ನರೆಸಿಕೊಂಡ ಅವಳ ಅಪ್ಪ, "ಹಳೇ ಹೆಸರು ಮುಟ್ಟಿದ್ರೆ ಮೈದಾನಕ್ಕೆ ಕಾಲಿಡಲ್ಲ" ಎಂದು ಮಗಳೊಡನೆ ಮಾತೇ ಬಿಟ್ಟಿದ್ದ. ಪಕ್ಕದಲ್ಲಿ ಅಪ್ಪನಿಲ್ಲದೆ ಪಂದ್ಯ ನೋಡಿ ಅವಳಿಗೆ ಗೊತ್ತೇ ಇರಲಿಲ್ಲ.

ಅವಳು ಬಾವುಟ ಬಿಡಿಸಿದಳು. ಹಳೆಯ ಹೆಸರು ಮಾಯವಾಗಿತ್ತು. ಕೆಂಪು ದಾರದ ಹೊಲಿಗೆಯನ್ನು, ಬಟ್ಟೆಗೆ ಒಂದು ಗೀರೂ ತಾಗದಂತೆ, ಯಾರೋ ಅಕ್ಷರ ಅಕ್ಷರವಾಗಿ ಬಿಚ್ಚಿದ್ದರು. "ಯಾವ ಪುಣ್ಯಾತ್ಮನಪ್ಪ ಇವನು, ಕದ್ದು ಕೆಲಸಾನೂ ಮಾಡ್ಕೊಟ್ಟಿದಾನೆ!" ಎಂದ ಕ್ಷೌರದಂಗಡಿಯವನು.

ಹೊರಗೆ ಗೋಡೆಯ ಮರೆಯಿಂದ ಕೆಮ್ಮೊಂದು ಕೇಳಿಸಿತು. "ಯಾವ ಹೆಸರಾದ್ರೂ ಇಟ್ಕೊಳ್ರೋ. ಅಕ್ಷರ ಮಾತ್ರ ದೊಡ್ಡದಾಗಿ ಹೊಲಿಯಮ್ಮ, ನಾಳೆ ನನ್ನ ಕಣ್ಣಿಗೆ ಕಾಣಬೇಕು."

ಸ್ವೆಟರಿನ ತೋಳಿಗೆಲ್ಲ ಕೆಂಪು ದಾರದ ಎಳೆಗಳನ್ನು ಅಂಟಿಸಿಕೊಂಡು ಬೆಳಕಿಗೆ ಬಂದ ಕಳ್ಳ, ಅವಳ ಅಪ್ಪ.